ಸ್ತುತಿಗೀತೆಯನ್ನು ಆರ್ಗನ್‌ಗೆ ಹೊಂದಿಸುವುದು ಹೇಗೆ: ನಾಲ್ಕು ಧ್ವನಿಗಳ ಪುಟದಿಂದ ಆರಾಧನೆಯ ಹಾಡುವಿಕೆಯವರೆಗೆ

ಪಿಯಾನೊದಲ್ಲಿ ಕೀ ಒತ್ತಿದ ಕ್ಷಣದಿಂದಲೇ ನಾದ ಇಳಿಯತೊಡಗುತ್ತದೆ. ಆರ್ಗನ್‌ನಲ್ಲಿ ಬೆರಳು ಎತ್ತುವವರೆಗೂ ಗಾಳಿ ಒಂದೇ ಒತ್ತಡದಲ್ಲಿ ಪೈಪಿಗೆ ಹರಿಯುತ್ತದೆ, ಸದ್ದು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಈ ವಾದ್ಯದಲ್ಲಿ ತಾಳ ಹುಟ್ಟುವುದು ಬೆರಳು ಎತ್ತುವ ಹೊತ್ತಿನಿಂದ. ಸ್ತುತಿಗೀತೆಯ ಅರೇಂಜ್‌ಮೆಂಟ್ ಮಾಡುವವರು ಸ್ವರಗಳಿಗೆ ಕೊಡುವಷ್ಟೇ ಗಮನವನ್ನು ಸ್ವರಗಳ ನಡುವಿನ ಮೌನಕ್ಕೂ ಕೊಡಬೇಕು. ಇಲ್ಲವಾದರೆ ಹಾರ್ಮನಿ ಎಷ್ಟೇ ಚೆನ್ನಾಗಿದ್ದರೂ ಸಭೆ ಎಳೆದಾಡುತ್ತಲೇ ಹಾಡುತ್ತದೆ.

ಉದಾಹರಣೆಗೆ ಒಂದೇ ರಾಗವನ್ನು ಇಟ್ಟುಕೊಂಡು ಹೋಗೋಣ: 1551ರ ಜಿನೀವಾ ಕೀರ್ತನಾ ಸಂಪುಟದಲ್ಲಿ ಕಾಣಿಸಿಕೊಂಡು, ಇಂದು ‘ಓಲ್ಡ್ ಹಂಡ್ರೆಡ್ತ್’ ಎಂದು ಎಲ್ಲೆಡೆ ಹೆಸರಾಗಿರುವ ರಾಗ. ಜಿ ಮೇಜರ್‌ನಲ್ಲಿ ಇದರ ನಾಲ್ಕು ಸಾಲುಗಳು ಹೀಗಿವೆ.

1ನೇ ಸಾಲು: ಜಿ ಜಿ ಎಫ್‌ಶಾರ್ಪ್ ಇ ಡಿ ಜಿ ಎ ಬಿ
2ನೇ ಸಾಲು: ಬಿ ಬಿ ಬಿ ಎ ಜಿ ಸಿ ಬಿ ಎ
3ನೇ ಸಾಲು: ಜಿ ಎ ಬಿ ಎ ಜಿ ಇ ಎಫ್‌ಶಾರ್ಪ್ ಜಿ
4ನೇ ಸಾಲು: ಡಿ ಬಿ ಜಿ ಎ ಸಿ ಬಿ ಎ ಜಿ

ಸಾಮಾನ್ಯವಾಗಿ ಮುದ್ರಿಸುವ ಒಂದು ಲಯದಲ್ಲಿ ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಸ್ವರ ಮಿನಿಮ್ (ಎರಡು ಬೀಟ್), ನಡುವಿನ ಆರು ಕ್ರಾಚೆಟ್ (ಒಂದೊಂದು ಬೀಟ್). ಅಂದರೆ ಸಾಲಿಗೆ 10 ಬೀಟ್. ಮುಂದಿನ ಲೆಕ್ಕಗಳೆಲ್ಲ ಇದರ ಮೇಲೆಯೇ ನಿಂತಿವೆ.

ಹಂತ 1: ಶ್ರುತಿ ಮತ್ತು ವೇಗ ಗೊತ್ತುಮಾಡುವುದು

ತರಬೇತಿಯಿಲ್ಲದ ಗಂಟಲುಗಳು ಒಟ್ಟಾಗಿ ಸಲೀಸಾಗಿ ಹಾಡುವ ವ್ಯಾಪ್ತಿ ಮಿಡಲ್ ಸಿ ಕೆಳಗಿನ ಬಿ ಫ್ಲ್ಯಾಟ್‌ನಿಂದ ಒಂದು ಆಕ್ಟೇವ್ ಮೇಲಿನ ಡಿವರೆಗೆ. ಗಂಡಸರು ಇದನ್ನೇ ಒಂದು ಆಕ್ಟೇವ್ ಕೆಳಗೆ ಹಾಡುತ್ತಾರೆ. ಅದರ ಮೇಲಿನ ಇ ಒಮ್ಮೊಮ್ಮೆ ಬಂದು ಹೋದರೆ ನಡೆಯುತ್ತದೆ. ಸಾಲು ಪೂರ್ತಿ ಅಲ್ಲೇ ಸುತ್ತಾಡಿದರೆ ಹಿಂದಿನ ಸಾಲಿನವರು ಬಾಯಿ ಮುಚ್ಚುತ್ತಾರೆ. ಹಳೆಯ ಪುಸ್ತಕಗಳಲ್ಲಿ ಎಷ್ಟೋ ರಾಗಗಳು ಕ್ವಾಯರ್‌ನ ಸೊಪ್ರಾನೊಗೆ (ಅತಿ ಮೇಲಿನ ಧ್ವನಿಗೆ) ಹೊಂದುವಂತೆ ಎತ್ತರದ ಶ್ರುತಿಯಲ್ಲಿವೆ. ಅವನ್ನು ಒಂದು ಸ್ವರ ಇಳಿಸಲು ಹಿಂಜರಿಯಬೇಡಿ. ಬೆಳಗಿನ ಆರಾಧನೆಯ ಮೊದಲ ಹಾಡಿಗಂತೂ ಇಳಿಸುವುದೇ ಒಳ್ಳೆಯದು, ಗಂಟಲು ಇನ್ನೂ ಬಿಚ್ಚಿರುವುದಿಲ್ಲ. ನಮ್ಮ ಉದಾಹರಣೆ ಜಿ ಮೇಜರ್‌ನಲ್ಲಿ ಡಿಯಿಂದ ಡಿಗೆ ನಿಖರವಾಗಿ ಒಂದು ಆಕ್ಟೇವ್, ಹಾಗಾಗಿ ಇದನ್ನು ಮುಟ್ಟಬೇಕಿಲ್ಲ.

ಇಳಿಸುವಾಗ ಬೇಸ್ (ಅತಿ ಕೆಳಗಿನ ಧ್ವನಿ) ಮತ್ತು ಟೆನರ್ (ಅದರ ಮೇಲಿನದು) ಕೂಡ ಇಳಿಯುತ್ತವೆ ಎಂಬುದನ್ನು ಮರೆಯಬಾರದು. ಮಿಡಲ್ ಸಿಗಿಂತ ಒಂದು ಆಕ್ಟೇವ್ ಕೆಳಗಿನ ಸಿಗಿಂತಲೂ ಕೆಳಗೆ ಎರಡು ಸ್ವರಗಳು ಮೂರನೆಯ ಅಂತರದಲ್ಲಿ (ಸಿ ಮತ್ತು ಇ ಹಾಗೆ, ಮೊದಲ ಸ್ವರವನ್ನೂ ಸೇರಿಸಿ ಎಣಿಸಿದರೆ ಮೂರನೆಯದು) ಒತ್ತೊತ್ತಾಗಿ ಕುಳಿತರೆ ಕೇಳಿಸುವುದು ಗೊಗ್ಗರು ಸದ್ದು ಮಾತ್ರ. ಆ ಜಾಗದಲ್ಲಿ ಆಕ್ಟೇವ್ ಅಥವಾ ಐದನೆಯ ಅಂತರ ಇಟ್ಟು, ಮಿಕ್ಕ ಸ್ವರವನ್ನು ಮೇಲಕ್ಕೆ ಒಯ್ಯಿರಿ.

ವೇಗವನ್ನು ಉಸಿರಿನಿಂದ ಅಳೆಯಬೇಕು. ಒಂದು ಸಾಲು ಒಂದೇ ಉಸಿರಿನಲ್ಲಿ ಮುಗಿಯಬೇಕು, ಮುಗಿದ ಮೇಲೂ ಸ್ವಲ್ಪ ಉಸಿರು ಉಳಿದಿರಬೇಕು. ನಿಮಿಷಕ್ಕೆ 80 ಕ್ರಾಚೆಟ್ ಇದ್ದರೆ 10 ಬೀಟಿನ ಸಾಲು 7.5 ಸೆಕೆಂಡ್, ಇದು ಹಿತವಾದ ಅಳತೆ. 60ಕ್ಕೆ ಇಳಿದರೆ ಅದೇ ಸಾಲು 10 ಸೆಕೆಂಡ್ ಆಗುತ್ತದೆ, ಜನ ಪದದ ನಡುವೆಯೇ ಉಸಿರು ತೆಗೆಯುತ್ತಾರೆ. ಸದ್ದು ಹೆಚ್ಚು ಹೊತ್ತು ಮೊಳಗುವ ದೊಡ್ಡ ಕಟ್ಟಡದಲ್ಲಿ 80ರ ಬದಲು 72–76 ಸಾಕು. ನಿಧಾನವೇ ಭಕ್ತಿ ಎಂಬ ನಂಬಿಕೆಯನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಬೇಡಿ.

ಹಂತ 2: ನಾಲ್ಕು ಧ್ವನಿಗಳನ್ನು ಕೈಕಾಲುಗಳಿಗೆ ಹಂಚುವುದು

ಸ್ತುತಿಗೀತೆ ಪುಸ್ತಕದ ಪುಟ ಹಾಡುಗಾರರಿಗೆಂದು ಬರೆದದ್ದು, ಆರ್ಗನ್‌ಗೆಂದು ಅಲ್ಲ. ಅದನ್ನು ಇದ್ದ ಹಾಗೆಯೇ ನುಡಿಸಿದರೆ ಎಡಗೈ ಟೆನರ್ ಮತ್ತು ಬೇಸ್ ಎರಡನ್ನೂ ಹೊತ್ತುಕೊಂಡು ಹತ್ತನೆಯ ಅಂತರಗಳಿಗೆ ಕೈಚಾಚಬೇಕಾಗುತ್ತದೆ. ಪೆಡಲ್ (ಕಾಲಿನಿಂದ ನುಡಿಸುವ ಕೀಗಳು) ಇದ್ದರೆ ಹಂಚಿಕೆ ಸರಳ: ಸೊಪ್ರಾನೊ ಮತ್ತು ಅದರ ಕೆಳಗಿನ ಆಲ್ಟೊ ಬಲಗೈಗೆ, ಟೆನರ್ ಎಡಗೈಗೆ, ಬೇಸ್ ಕಾಲಿಗೆ. ಎಡಗೈ ಬೇಸನ್ನು ಕೂಡಿಸಿ ನುಡಿಸುವ ಅಭ್ಯಾಸವಿದ್ದರೆ ಬಿಡಿಸಿಕೊಳ್ಳಿ, ಏಕೆಂದರೆ ಕೈ ಒಂದು ಹೊತ್ತಿಗೆ, ಕಾಲು ಒಂದು ಹೊತ್ತಿಗೆ ಎದ್ದು ಬೇಸ್ ಎರಡೆರಡು ಸಲ ಕೇಳಿಸುತ್ತದೆ.

ಪೆಡಲ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ 30 ಅಥವಾ 32 ಕೀಗಳಿರುತ್ತವೆ. ಎಷ್ಟಿದ್ದರೂ ಸ್ತುತಿಗೀತೆಯ ಬೇಸ್ ಮುದ್ರಿತ ಎತ್ತರದಲ್ಲಿಯೇ ಇರಲಿ. 16 ಅಡಿ ಸ್ಟಾಪ್ (ಸ್ಟಾಪ್ ಎಂದರೆ ಒಂದು ಬಗೆಯ ಪೈಪುಗಳ ಸಾಲನ್ನು ನುಡಿಸಲು ಎಳೆಯುವ ಹಿಡಿ, ಅಂಕಿಗಳ ಅರ್ಥ ಹಂತ 5ರಲ್ಲಿದೆ) ತಾನಾಗಿಯೇ ಒಂದು ಆಕ್ಟೇವ್ ಕೆಳಗೆ ನುಡಿಯುತ್ತಿರುತ್ತದೆ. ಅದರ ಮೇಲೆ ಬೇಸನ್ನೂ ಕೆಳಗಿಳಿಸಿದರೆ ಸಾಲಿನ ನಡಿಗೆಯೇ ಅಳಿಸಿಹೋಗುತ್ತದೆ. ಕೆಳಗಿನ ಆಕ್ಟೇವನ್ನು ಕೊನೆಯ ಚರಣದ ಕೊನೆಯ ಸಾಲಿಗೆ ಉಳಿಸಿಕೊಳ್ಳುವುದು ಜಾಣತನ.

ಪೆಡಲ್ ಇಲ್ಲದಿದ್ದರೆ, ಅಥವಾ 61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡ್ ಮಾತ್ರ ಇದ್ದರೆ, ಹಂಚಿಕೆಯನ್ನು ತಿರುಗಿಸಿ: ಎಡಗೈಗೆ ಬೇಸ್ ಮಾತ್ರ, ಬಲಗೈಗೆ ಉಳಿದ ಮೂರು ಧ್ವನಿ. ಟೆನರ್ ತೀರಾ ಕೆಳಗಿದ್ದು ಬಲಗೈಗೆ ಎಟುಕದಿದ್ದರೆ ಅದನ್ನು ಒಂದು ಆಕ್ಟೇವ್ ಎತ್ತಿ ಆಲ್ಟೊ ಮತ್ತು ಸೊಪ್ರಾನೊ ನಡುವೆ ಕೂರಿಸಬಹುದು. ಆದರೆ ಬೇಸನ್ನು ಎತ್ತುವಾಗ ಎಚ್ಚರ: ಅದು ಟೆನರ್‌ಗಿಂತ ಮೇಲೆ ಹೋದ ಕೂಡಲೇ ಟೆನರೇ ಬೇಸ್ ಆಗಿಬಿಡುತ್ತದೆ, ಸ್ವರಮೇಳದ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಸ್ವರೂಪವೇ ಬದಲಾಗುತ್ತದೆ. ಕೀಬೋರ್ಡ್‌ನಲ್ಲಿ ಟಚ್ ಸೆನ್ಸಿಟಿವಿಟಿಯನ್ನು ಆಫ್ ಮಾಡಿ, ತಿರುಗುವ ಸ್ಪೀಕರಿನ ಕಂಪನವಿಲ್ಲದ ಚರ್ಚ್ ಆರ್ಗನ್ ಧ್ವನಿ ಆರಿಸಿ. ಸಸ್ಟೇನ್ ಪೆಡಲ್‌ನಿಂದ ಕಾಲನ್ನು ದೂರವೇ ಇಡಿ.

ಹಂತ 3: ಮರುಕಳಿಸುವ ಸ್ವರಗಳು ಮತ್ತು ಉಸಿರು

ಇಡೀ ಕೆಲಸದ ತಿರುಳು ಇಲ್ಲಿದೆ. ಎರಡನೇ ಸಾಲಿನ ಆರಂಭ ನೋಡಿ: ಬಿ ಬಿ ಬಿ. ನಡುವೆ ಬೆರಳು ಎತ್ತದಿದ್ದರೆ ಸಭೆಗೆ ಮೂರು ಸ್ವರ ಕೇಳಿಸುವುದಿಲ್ಲ, ಒಂದೇ ಉದ್ದನೆಯ ಬಿ ಕೇಳಿಸುತ್ತದೆ. ಪ್ರತಿ ಅಕ್ಷರಕ್ಕೂ ಹೊಸ ಸ್ವರ ಬೇಕೆಂದು ಕಾಯುವ ಜನ ತಡವರಿಸುತ್ತಾರೆ. ಎಲ್ಲ ನಾಲ್ಕು ಧ್ವನಿಗಳನ್ನೂ ಒಟ್ಟಿಗೆ ಎತ್ತಿದರೆ ಇನ್ನೊಂದು ತೊಂದರೆ, ಸಂಗೀತ ಕುಕ್ಕಿದ ಹಾಗೆ ಕೇಳುತ್ತದೆ. ನಿಯಮ ಇಷ್ಟು:

- ರಾಗ ಹೊತ್ತ ಸೊಪ್ರಾನೊದಲ್ಲಿ ಮರುಕಳಿಸುವ ಸ್ವರವನ್ನು ಯಾವಾಗಲೂ ಬಿಡಿಸಿ ನುಡಿಸಿ.
- ಆಲ್ಟೊ ಮತ್ತು ಟೆನರ್‌ನಲ್ಲಿ ಅದೇ ಸ್ವರ ಮತ್ತೆ ಬಂದರೆ ಸಾಲಿನ ಒಳಗೆ ಟೈ ಮಾಡಿ, ಹಿಡಿದೇ ಇಡಿ.
- ಬೇಸ್‌ನಲ್ಲಿ ಬಲವಾದ ಬೀಟಿನಿಂದ ದುರ್ಬಲ ಬೀಟಿಗೆ ಹೋಗುವಾಗ ಟೈ ಮಾಡಬಹುದು. ದುರ್ಬಲದಿಂದ ಬಲವಾದ ಬೀಟಿಗೆ ಬರುವಾಗ ಬಿಡಿಸಲೇಬೇಕು.
- ಸಾಲಿನ ಕೊನೆಯಲ್ಲಿ ನಾಲ್ಕೂ ಧ್ವನಿ ಒಟ್ಟಿಗೆ ಎದ್ದು ಉಸಿರಾಡಬೇಕು.

ಎಷ್ಟು ಬಿಡಿಸಬೇಕು? ಅಂದಾಜಿಗೆ ಬಿಟ್ಟರೆ ಒಂದೊಂದು ಸಲ ಒಂದೊಂದು ಥರ ಆಗುತ್ತದೆ. ಮರುಕಳಿಸುವ ಕ್ರಾಚೆಟನ್ನು ಒಂದು ಕ್ವೇವರ್ (ಅರ್ಧ ಬೀಟ್) ಸ್ವರ, ಒಂದು ಕ್ವೇವರ್ ಮೌನ ಎಂದು ಅಭ್ಯಾಸ ಮಾಡಿ. ಸದ್ದು ಒಣಗಿದಂತಿರುವ ಸಣ್ಣ ಕೋಣೆಯಲ್ಲಿ ಮೌನವನ್ನು ಕ್ರಾಚೆಟ್‌ನ ಕಾಲು ಭಾಗಕ್ಕೆ ಇಳಿಸಿ. ಮೊಳಗುವ ಕಟ್ಟಡದಲ್ಲಿ ಅರ್ಧ ಭಾಗವೇ ಬೇಕು, ಪ್ರತಿಧ್ವನಿ ಆ ಬಿಡುವನ್ನು ತುಂಬಿಕೊಳ್ಳುತ್ತದೆ. ಸಾಲಿನ ಕೊನೆಯ ಮಿನಿಮನ್ನು ಒಂದೂವರೆ ಬೀಟ್ ಹಿಡಿದು ಅರ್ಧ ಬೀಟ್ ಬಿಡಿ. 80ರ ವೇಗದಲ್ಲಿ ಆ ಅರ್ಧ ಬೀಟ್ 0.375 ಸೆಕೆಂಡ್. ಸಣ್ಣದೆನಿಸಿದರೂ ಎದೆ ತುಂಬಿಕೊಳ್ಳಲು ಅಷ್ಟು ಸಾಕು. ಮುಖ್ಯವಾಗಿ, ಈ ಮೌನ ಸ್ವರದ ಒಳಗಿನಿಂದ ಕತ್ತರಿಸಿದ್ದು. ಹೊರಗಿನಿಂದ ಬೀಟ್ ಸೇರಿಸಿದರೆ ತಾಳ ತಪ್ಪುತ್ತದೆ.

ಹಳೆಯ ಕೊರಾಲ್ (ಜರ್ಮನ್ ಸ್ತುತಿಗೀತೆ) ಪುಟಗಳಲ್ಲಿ ಸಾಲಿನ ಕೊನೆಗೆ ಕಾಣುವ ಫರ್ಮಾಟಾ ಗುರುತು (ಕಮಾನಿನ ಕೆಳಗೊಂದು ಚುಕ್ಕೆ) ಸಾಲು ಮುಗಿಯಿತು ಎಂಬುದರ ಸೂಚನೆ. ಪ್ರತಿ ಸಾಲಿನಲ್ಲೂ ಅದನ್ನು ‘ಇಷ್ಟ ಬಂದಷ್ಟು ಹಿಡಿ’ ಎಂದು ಓದಿದರೆ ಹಾಡು ನಾಲ್ಕು ತುಂಡಾಗುತ್ತದೆ.

ಪದಗಳನ್ನೂ ನೋಡಿ. ಮೊದಲ ಚರಣದಲ್ಲಿ ಸಾಲಿನ ಕೊನೆಗೆ ವಾಕ್ಯ ಮುಗಿಯಬಹುದು, ಮೂರನೆಯದರಲ್ಲಿ ವಾಕ್ಯ ಮುಂದಿನ ಸಾಲಿಗೆ ಹರಿಯಬಹುದು. ಅಂಥ ಕಡೆ ಬಿಡುವನ್ನು ಅರ್ಧಕ್ಕೆ ಇಳಿಸಿ, ಪುಟದ ಮೇಲೆ ಆ ಚರಣದ ಸಂಖ್ಯೆ ಬರೆದು ಬಿಲ್ಲಿನ ಗೆರೆ ಎಳೆಯಿರಿ. ಪದ ನೋಡದೆ ಬರೆದ ಅರೇಂಜ್‌ಮೆಂಟ್ ಮೊದಲ ಚರಣಕ್ಕೆ ಮಾತ್ರ ಸರಿಹೊಂದುತ್ತದೆ.

ಹಂತ 4: ಪೀಠಿಕೆ ಮತ್ತು ಚರಣಗಳ ನಡುವಿನ ಅಂತರ

ಪೀಠಿಕೆ ಸಭೆಗೆ ಮೂರು ಸಂಗತಿ ತಿಳಿಸಬೇಕು: ಯಾವ ರಾಗ, ಯಾವ ಶ್ರುತಿ, ಯಾವ ವೇಗ. ಮೊದಲ ಸಾಲು ಮತ್ತು ಕೊನೆಯ ಸಾಲನ್ನು ಜೋಡಿಸಿದರೆ ಮೂರೂ ಸಿಗುತ್ತವೆ. ನಮ್ಮ ರಾಗದಲ್ಲಿ ಇದು 20 ಬೀಟ್, 80ರ ವೇಗದಲ್ಲಿ 15 ಸೆಕೆಂಡ್. ಜನ ಪುಸ್ತಕ ತೆರೆದು ಎದ್ದು ನಿಲ್ಲಲು ಬೇಕಾದಷ್ಟೇ ಹೊತ್ತು. ಕೀಲು ಸರಿಯಾಗಿದೆಯೇ ನೋಡಿಕೊಳ್ಳಿ: ಮೊದಲ ಸಾಲು ಜಿ ಸ್ವರಮೇಳದ ಮೇಲಿನ ಬಿಯಲ್ಲಿ ನಿಲ್ಲುತ್ತದೆ, ನಾಲ್ಕನೆಯದು ಅದೇ ಸ್ವರಮೇಳದ ಡಿಯಿಂದ ಏಳುತ್ತದೆ, ಹೊಲಿಗೆ ಕಾಣುವುದಿಲ್ಲ. ಮೊದಲ ಸಾಲು ಬೇರೆ ಶ್ರುತಿಗೆ ಹೊರಳಿ ನಿಲ್ಲುವ ರಾಗಗಳಲ್ಲಿ ಕೊನೆಯ ಎರಡು ಸಾಲುಗಳನ್ನು ಬಳಸಿ. ಕೊನೆಯ ಒಂದೇ ಸಾಲನ್ನು ನುಡಿಸಿ ನಿಲ್ಲಿಸಿದರೆ ರಾಗ ಗುರುತಿಸಲಾಗದೆ ಮೊದಲ ಎರಡು ಪದಗಳು ನಿಮ್ಮ ಆರ್ಗನ್‌ನದ್ದಷ್ಟೇ ಆಗುತ್ತವೆ.

ಪೀಠಿಕೆಯ ಕೊನೆಯಲ್ಲಿ ವೇಗ ಇಳಿಸುವುದು ಬಹಳ ಸಾಮಾನ್ಯ ತಪ್ಪು. ಸಭೆ ಆ ಇಳಿದ ವೇಗವನ್ನೇ ಹಾಡಿನ ವೇಗ ಎಂದು ಹಿಡಿಯುತ್ತದೆ. ತಾಳ ಕೆಡದೆ ಮುಗಿಸಿ, ಸದ್ದನ್ನು ಮೊದಲ ಚರಣಕ್ಕಿಂತ ಒಂದು ಸ್ಟಾಪ್ ಕಡಿಮೆ ಇಟ್ಟು, ಬಿಡುವು ಕೊಟ್ಟು, ಆಮೇಲೆ ಪೂರ್ಣ ಸದ್ದಿನೊಂದಿಗೆ ಚರಣ ಆರಂಭಿಸಿ. ಸದ್ದು ಹೆಚ್ಚಿದ್ದೇ ‘ಈಗ ಹಾಡಿ’ ಎಂಬ ಸಂಜ್ಞೆ.

ಅಂತರಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ: ಚರಣದ ಕೊನೆಯ ಸ್ವರಮೇಳವನ್ನು 4 ಬೀಟ್ ಹಿಡಿದು, 2 ಬೀಟ್ ಪೂರ್ಣ ಮೌನ, ಬಳಿಕ ಮುಂದಿನ ಚರಣ. ಪೀಠಿಕೆಯ ನಂತರವೂ ಇದೇ. 4 ಮತ್ತು 2ರ ಬದಲು ಬೇರೆ ಸಂಖ್ಯೆ ಬೇಕಿದ್ದರೆ ಇರಲಿ, ಆದರೆ ಹಾಡಿನುದ್ದಕ್ಕೂ ಒಂದೇ ಇರಲಿ. ಒಂದು ಸಲ ಮೂರು, ಇನ್ನೊಂದು ಸಲ ಐದು ಬೀಟ್ ಆದರೆ ಯಾರೂ ಧೈರ್ಯವಾಗಿ ಆರಂಭಿಸುವುದಿಲ್ಲ. ರಾಗದ ಮೊದಲ ಸ್ವರವನ್ನು ಮೊದಲೇ ಹಿಡಿದು ಜನರನ್ನು ಕೂಡಿಸುವ ಹಳೆಯ ಪದ್ಧತಿ ಕೆಲವೆಡೆ ಇದೆ. ಅದು ಆರಂಭದ ಕ್ಷಣವನ್ನೇ ಮಸುಕು ಮಾಡುತ್ತದೆ, ಬಿಡುವುದು ಮೇಲು.

ಹಂತ 5: ಸ್ಟಾಪ್‌ಗಳನ್ನು ಆರಿಸುವುದು

ಸ್ಟಾಪ್‌ನ ಮೇಲಿನ 8 ಎಂಬ ಅಂಕಿ ಬರೆದ ಎತ್ತರದಲ್ಲೇ ನುಡಿಯುವುದನ್ನು ಸೂಚಿಸುತ್ತದೆ. 4 ಎಂದರೆ ಒಂದು ಆಕ್ಟೇವ್ ಮೇಲೆ, 2 ಎಂದರೆ ಎರಡು ಆಕ್ಟೇವ್ ಮೇಲೆ, 16 ಎಂದರೆ ಒಂದು ಆಕ್ಟೇವ್ ಕೆಳಗೆ. ಸದ್ದು ಸಾಲದು ಅನಿಸಿದಾಗ ಹೊಸಬರು ಇನ್ನೊಂದು 8 ಅಡಿ ಸ್ಟಾಪ್ ಎಳೆಯುತ್ತಾರೆ, ಆಮೇಲೆ ಮತ್ತೊಂದು. ಸದ್ದು ದಪ್ಪವಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಸಭೆಯ ಧ್ವನಿಯೇ 8 ಅಡಿಯ ಎತ್ತರದಲ್ಲಿ ಇರುವುದರಿಂದ ಅದರ ಮೇಲೆ ಎದ್ದು ಕೇಳಿಸಿ ದಾರಿ ತೋರಿಸುವುದು 4 ಮತ್ತು 2 ಅಡಿಯ ಪ್ರಿನ್ಸಿಪಲ್‌ಗಳು (ಆರ್ಗನ್‌ನ ಮೂಲ ನಾದದ ಸ್ಟಾಪ್‌ಗಳು). ಮೇಲಕ್ಕೆ ಕಟ್ಟಿ, ಅಗಲಕ್ಕಲ್ಲ.

ನಾಲ್ಕು ಚರಣಗಳಿಗೆ ನಂಬಬಹುದಾದ ಒಂದು ಯೋಜನೆ:

ಮೊದಲ ಚರಣಕ್ಕೆ ಗ್ರೇಟ್‌ನಲ್ಲಿ (ಮುಖ್ಯ ಕೀಬೋರ್ಡ್) ಪ್ರಿನ್ಸಿಪಲ್ 8 ಮತ್ತು 4, ಪೆಡಲ್‌ನಲ್ಲಿ 16 ಮತ್ತು 8. ಎರಡನೆಯದಕ್ಕೆ ಪ್ರಿನ್ಸಿಪಲ್ 2 ಸೇರಿಸಿ. ಮೂರನೆಯದು ಪ್ರಾರ್ಥನೆಯ ಅಥವಾ ಶೋಕದ ಪದಗಳಾಗಿದ್ದರೆ ಸ್ವೆಲ್‌ಗೆ (ಪೈಪುಗಳು ತೆರೆದು ಮುಚ್ಚುವ ಪೆಟ್ಟಿಗೆಯೊಳಗಿರುವ ಕೀಬೋರ್ಡ್) ಹೋಗಿ ಫ್ಲೂಟ್ 8 ಜೊತೆ ಪ್ರಿನ್ಸಿಪಲ್ 4 ಇಡಿ, ಪೆಡಲ್‌ನಲ್ಲಿ ಮೃದುವಾದ ಬೋರ್ಡನ್ 16 ಮತ್ತು ಒಂದು 8. ಕೊನೆಯದಕ್ಕೆ ಗ್ರೇಟ್‌ನ 8, 4, 2 ಮತ್ತು ಮಿಕ್ಸ್ಚರ್ (ಹಲವು ಎತ್ತರದ ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ಟಾಪ್), ಸ್ವೆಲ್‌ನ ರೀಡ್ (ಕಹಳೆಯಂಥ ನಾದದ ಸ್ಟಾಪ್) ಅನ್ನು ಎರಡು ಕೀಬೋರ್ಡ್‌ಗಳನ್ನು ಜೋಡಿಸುವ ಕಪ್ಲರ್ ಮೂಲಕ ಸೇರಿಸಿ.

ಪೆಡಲ್‌ನಲ್ಲಿ 16 ಅಡಿಯೊಂದೇ ಇದ್ದರೆ ಬೇಸ್ ಗುಡುಗುತ್ತದೆ, ಸ್ವರ ಯಾವುದೆಂದು ತಿಳಿಯುವುದಿಲ್ಲ. 8 ಅಡಿಯ ಜೊತೆ ಕಡ್ಡಾಯ. ದೊಡ್ಡ ಪೈಪುಗಳು ಮಾತಾಡಲು ತುಸು ತಡ ಮಾಡುವುದರಿಂದಲೂ ಆ 8 ಅಡಿ ಬೇಕು, ಬೀಟಿನ ಅಂಚನ್ನು ಅದೇ ಕೊಡುತ್ತದೆ. ಸೆಲೆಸ್ಟ್ ಸ್ಟಾಪ್‌ನ ಪೈಪುಗಳು ಬೇಕೆಂದೇ ಸ್ವಲ್ಪ ಶ್ರುತಿ ತಪ್ಪಿಸಿಟ್ಟವು, ಹಾಗಾಗಿ ಸಭೆಯನ್ನು ಮುನ್ನಡೆಸಲು ಅವು ಬಾರವು. ಸದ್ದನ್ನು ನಡುಗಿಸುವ ಟ್ರೆಮ್ಯುಲಂಟ್ ಕೂಡ ಬೇಡ. ಸ್ವೆಲ್ ಬಾಕ್ಸ್ ಮುಚ್ಚಿಕೊಂಡು ನುಡಿಸಿದರೆ ಮೇಲಿನ ಹೊಳಪೆಲ್ಲ ಒಳಗೇ ಉಳಿಯುತ್ತದೆ, ಅರ್ಧವಾದರೂ ತೆರೆದಿರಲಿ. ಮೃದುವಾದ ಚರಣದಲ್ಲಿಯೂ ಒಂದು 4 ಅಡಿಯ ಸ್ಟಾಪ್ ಇದ್ದೇ ಇರಲಿ. ಸದ್ದು ಇಳಿಯಬಹುದು, ಮುಂದಾಳತ್ವ ಇಳಿಯಬಾರದು.

ಸ್ಟಾಪ್ ಬದಲಾವಣೆ ಚರಣಗಳ ನಡುವಿನ ಆ 2 ಬೀಟ್ ಮೌನದಲ್ಲೇ ಆಗಬೇಕು. ಪಿಸ್ಟನ್ (ಸ್ಟಾಪ್‌ಗಳ ಜೋಡಣೆಯನ್ನು ನೆನಪಿಡುವ ಗುಂಡಿ) ಇದ್ದರೆ ಮೊದಲೇ ತುಂಬಿಸಿಟ್ಟು ಸಂಖ್ಯೆಯನ್ನು ಪುಟದ ಮೇಲೆ ಬರೆಯಿರಿ. ಇಲ್ಲದಿದ್ದರೆ ಒಂದು ಬಿಡುವಿನಲ್ಲಿ ಒಂದು ಕೈಯಿಂದ ಎಳೆಯಬಹುದಾದ ಎರಡು ಸ್ಟಾಪ್‌ಗಿಂತ ಹೆಚ್ಚು ಯೋಜಿಸಬೇಡಿ.

ಹಂತ 6: ಚರಣದಿಂದ ಚರಣಕ್ಕೆ ಬದಲಾವಣೆ

ಸ್ಟಾಪ್ ಬದಲಿಸುವುದಷ್ಟೇ ಸಾಕಾಗುವ ಹಾಡುಗಳೇ ಹೆಚ್ಚು. ಅದಕ್ಕಿಂತ ಮುಂದೆ ಹೋಗಬೇಕಿದ್ದರೆ ರಾಗ ಸಭೆಗೆ ಚೆನ್ನಾಗಿ ಗೊತ್ತಿರಬೇಕು.

ಸುಲಭದ ಮೊದಲ ಉಪಾಯ: ರಾಗವನ್ನು ಒಂದು ಮ್ಯಾನ್ಯುಯಲ್‌ನಲ್ಲಿ (ಕೈಯಿಂದ ನುಡಿಸುವ ಕೀಬೋರ್ಡ್) ಪ್ರತ್ಯೇಕ ಧ್ವನಿಯಲ್ಲಿ ಬಲಗೈಯಿಂದ ನುಡಿಸಿ, ಆಲ್ಟೊ ಮತ್ತು ಟೆನರನ್ನು ಎಡಗೈಗೆ ಇನ್ನೊಂದರಲ್ಲಿ ಕೊಡುವುದು. ಎರಡೂ ಧ್ವನಿಗಳ ಅಂತರ ಒಂದು ಆಕ್ಟೇವ್ ಮೀರಿದಲ್ಲಿ ಟೆನರನ್ನು ಬದಲಿಸಿ ಬರೆಯಬೇಕಾಗುತ್ತದೆ. ಎರಡನೆಯದು: ಟೆನರ್ ಸಾಲನ್ನು ಒಂದು ಆಕ್ಟೇವ್ ಎತ್ತಿ ರಾಗದ ಮೇಲೆ ಡೆಸ್ಕ್ಯಾಂಟ್‌ನಂತೆ ನುಡಿಸುವುದು. ಹಾರ್ಮನಿ ಆಗಲೇ ಸರಿಯಿರುವುದರಿಂದ ಹೊಸದಾಗಿ ಏನೂ ಬರೆಯಬೇಕಿಲ್ಲ. ಒಂದೇ ತೊಡಕು, ಸೊಪ್ರಾನೊ ಮತ್ತು ಟೆನರ್ ನಡುವೆ ಸಾಲಾಗಿ ಬಂದ ನಾಲ್ಕನೆಯ ಅಂತರಗಳು ತಲೆಕೆಳಗಾದಾಗ ಸಾಲು ಐದನೆಯ ಅಂತರಗಳಾಗಿ ಟೊಳ್ಳಾಗಿ ಕೇಳುತ್ತವೆ. ಅಂಥ ಜಾಗ ಸಿಕ್ಕರೆ ಒಂದು ಸ್ವರ ಬದಲಿಸಿ.

ಮೂರನೆಯದು ಹಾರ್ಮನಿಯನ್ನೇ ಬದಲಿಸುವುದು. ಇದನ್ನು ಕೊನೆಯ ಚರಣಕ್ಕೆ ಮಾತ್ರ ಇಡಿ, ಕ್ವಾಯರ್ ಕೂಡ ಆಗ ತನ್ನ ಭಾಗಗಳನ್ನು ಬಿಟ್ಟು ಎಲ್ಲರೊಂದಿಗೆ ರಾಗವನ್ನೇ ಹಾಡಬೇಕು. ಮೊದಲೇ ಹೇಳದಿದ್ದರೆ ಆಲ್ಟೊ ಹಾಡುವವರು ಹಳೆಯ ಸ್ವರ ಹಾಡಿ ನಿಮ್ಮ ಹೊಸ ಸ್ವರಮೇಳಕ್ಕೆ ಡಿಕ್ಕಿ ಹೊಡೆಯುತ್ತಾರೆ.

ಕ್ರಮ ಹೀಗೆ. ರಾಗದ ಪ್ರತಿ ಸ್ವರದ ಕೆಳಗೆ ಅದನ್ನು ಒಳಗೊಳ್ಳುವ ಮೂರು ಸ್ವರಮೇಳ ಬರೆಯಿರಿ. ಕೊನೆಯ ಮೂರು ಸ್ವರಗಳ ಕೆಡೆನ್ಸ್ (ಮುಕ್ತಾಯದ ಸ್ವರಮೇಳಗಳು) ಮುಟ್ಟಬೇಡಿ, ಜನ ಅದನ್ನು ನಂಬಿ ಸಾಲು ಮುಗಿಸುತ್ತಾರೆ. ನಂತರ ಬೇಸ್ ಸಾಲನ್ನೊಂದೇ ಬರೆದು, ರಾಗದೊಂದಿಗೆ ಹಾಡಿ ನೋಡಿ. ಒಳಧ್ವನಿಗಳು ಕೊನೆಗೆ.

ನಾಲ್ಕನೇ ಸಾಲಿನ ರಾಗ ಡಿ ಬಿ ಜಿ ಎ ಸಿ ಬಿ ಎ ಜಿ. ಮೊದಲ ಪ್ರಯತ್ನದಲ್ಲಿ ಅನೇಕರು ಬಿ ಮೈನರ್, ಇ ಮೈನರ್, ಸಿ ಮೇಜರ್ ಎಂದು ಬರೆದು ಬೇಸ್‌ನಲ್ಲಿ ಬಿ, ಇ, ಸಿ ಇಡುತ್ತಾರೆ. ಆಗ ಇಯ ಮೇಲೆ ಬಿ, ಸಿಯ ಮೇಲೆ ಜಿ, ಎರಡೂ ಐದನೆಯ ಅಂತರ, ಎರಡೂ ಒಟ್ಟಿಗೆ ಕೆಳಗೆ ಜಾರುತ್ತವೆ. ಕಿವಿಗೆ ಆ ಜಾಗ ಟೊಳ್ಳಾಗಿ ಕೇಳುತ್ತದೆ. ಸರಿಪಡಿಸಲು ಸ್ವರಮೇಳ ಬದಲಿಸಬೇಕಿಲ್ಲ, ಮೂರನೆಯ ಸ್ವರಕ್ಕೂ ಬೇಸ್‌ನಲ್ಲಿ ಇಯನ್ನೇ ಹಿಡಿದರಾಯಿತು. ಪೂರ್ತಿ ಬೇಸ್: ಬಿ, ಇ, ಇ, ಎಫ್‌ಶಾರ್ಪ್, ಎ, ಡಿ, ಡಿ, ಜಿ. ಸ್ವರಮೇಳಗಳು ಕ್ರಮವಾಗಿ ಬಿ ಮೈನರ್, ಇ ಮೈನರ್, ಸಿ ಮೇಜರ್, ಡಿ ಮೇಜರ್, ಎ ಮೈನರ್, ಜಿ ಮೇಜರ್, ಡಿ ಮೇಜರ್, ಜಿ ಮೇಜರ್. ಮೂರು ಮೈನರ್ ಸ್ವರಮೇಳಗಳಿಂದ ಸಾಲು ಗಾಢವಾಗುತ್ತದೆ, ಕೊನೆಯಲ್ಲಿ ನಿರೀಕ್ಷಿಸಿದ ಜಾಗಕ್ಕೇ ಬಂದು ಸೇರುತ್ತದೆ. ಇಂಥ ಬದಲಾವಣೆ ಎರಡು ಸಾಲುಗಳಲ್ಲಿದ್ದರೆ ಧಾರಾಳ. ನಾಲ್ಕೂ ಸಾಲು ಬದಲಿಸಿದರೆ ಜನ ಹಾಡುವುದು ಬಿಟ್ಟು ಕೇಳತೊಡಗುತ್ತಾರೆ.

ಶ್ರುತಿ ಏರಿಸುವುದು ಆರಾಧನೆಗೆ ಒಮ್ಮೆಗಿಂತ ಹೆಚ್ಚು ಬೇಡ. ಜಿಯಿಂದ ಎಗೆ ಹೋಗಲು ಜಿ ಮೇಜರ್ ಸ್ವರಮೇಳದ ನಂತರ ಇ7 (ಇ, ಜಿಶಾರ್ಪ್, ಬಿ, ಡಿ) ಹಿಡಿಯಿರಿ: ಬಿ ಮತ್ತು ಡಿ ಎರಡಕ್ಕೂ ಸಾಮಾನ್ಯ, ಜಿ ಇರುವ ಧ್ವನಿಯೇ ಜಿಶಾರ್ಪ್‌ಗೆ ಏರಬೇಕು. ಇನ್ನೊಂದು ಧ್ವನಿಗೆ ಜಿಶಾರ್ಪ್ ಕೊಟ್ಟರೆ ಎರಡು ಸ್ವರಗಳು ಕಿವಿಯಲ್ಲಿ ಜಗಳವಾಡುತ್ತವೆ. ಇ7 ಅನ್ನು ಕನಿಷ್ಠ 4 ಬೀಟ್ ಹಿಡಿದು, ಹೊಸ ಶ್ರುತಿಯಲ್ಲಿ ಕೊನೆಯ ಸಾಲನ್ನು ಒಮ್ಮೆ ನುಡಿಸಿ, ಎಂದಿನ 4 ಮತ್ತು 2 ಬೀಟ್ ಅಂತರ ಕೊಟ್ಟು ಚರಣ ಆರಂಭಿಸಿ. ರಾಗದ ತುದಿ ಡಿಯಿಂದ ಇಗೆ ಏರುತ್ತದೆ, ಅಷ್ಟು ಸಹ್ಯ. ಮೊದಲೇ ಇ ಮುಟ್ಟುವ ರಾಗವನ್ನು ಹೀಗೆ ಏರಿಸಿದರೆ ತುದಿಯಲ್ಲಿ ಕಿರುಚಾಟವೇ ಸಿಗುವುದು.

ಹಂತ 7: ಪುಟ ಬರೆಯುವುದು, ಜಾಗದಲ್ಲಿ ಪರೀಕ್ಷಿಸುವುದು

ಪೂರ್ಣ ಅರೇಂಜ್‌ಮೆಂಟನ್ನು ಮೂರು ಸ್ಟಾಫ್‌ಗಳಲ್ಲಿ ಬರೆಯಿರಿ, ಎರಡು ಕೈಗಳಿಗೆ, ಒಂದು ಪೆಡಲ್‌ಗೆ. ಪೆಡಲ್ ಸಾಲಿನಲ್ಲಿ ಬಲಗಾಲಿನ ಗುರುತು ಸ್ಟಾಫ್‌ನ ಮೇಲೆ, ಎಡಗಾಲಿನದು ಕೆಳಗೆ. ಪುಟ ತಿರುಗಿಸುವ ಜಾಗ ಚರಣದ ನಡುವೆ ಬರದಂತೆ ನೋಡಿ. ಪದಗಳ ಮೊದಲ ಅಕ್ಷರಗಳನ್ನಾದರೂ ಪ್ರತಿ ಚರಣಕ್ಕೂ ಬರೆದಿಟ್ಟರೆ ಎಲ್ಲಿದ್ದೇವೆಂದು ಕಳೆದುಹೋಗುವುದಿಲ್ಲ. ರಾಗ ಹಳೆಯದಾಗಿದ್ದರೂ ಅದರ ಮುದ್ರಿತ ಹಾರ್ಮನಿ ಇತ್ತೀಚಿನದಾಗಿದ್ದು ಹಕ್ಕುಸ್ವಾಮ್ಯದಲ್ಲಿ ಇರಬಹುದು. ಪ್ರತಿ ಹಂಚುವ ಮೊದಲು ಪುಟದ ಅಡಿಯ ಸಾಲು ಓದಿ.

ಅಭ್ಯಾಸ ಮಾಡುವಾಗ ಬಾಯಲ್ಲಿ ಪದ ಹಾಡುತ್ತಲೇ ನುಡಿಸಿ. ನಿಮಗೆ ಉಸಿರು ಸಾಲದ ಜಾಗದಲ್ಲಿ ಸಭೆಗೂ ಸಾಲದು. ಆಮೇಲೆ ಒಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಅಥವಾ ಅಲ್ಲಿಂದ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಕನ್ಸೋಲಿನ (ನೀವು ಕೂತು ನುಡಿಸುವ ಜಾಗದ) ಬಳಿ ಕೇಳುವ ಸಮತೋಲನ ಬೇರೆ, ಜನ ಕೇಳುವುದು ಬೇರೆ. ಖಾಲಿ ಕಟ್ಟಡದಲ್ಲಿ ಜೋರೆನಿಸಿದ್ದು ಜನ ತುಂಬಿದಾಗ ಕುಗ್ಗುತ್ತದೆ, ಬಟ್ಟೆ ಮತ್ತು ಮೈ ಸದ್ದನ್ನು ಹೀರುತ್ತವೆ.

ದೂರದ ಲೆಕ್ಕವೂ ಇದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಹಿಂದಿನ ಸಾಲು ಆರ್ಗನ್‌ನಿಂದ 30 ಮೀಟರ್ ದೂರವಿದ್ದರೆ ನಿಮ್ಮ ಸ್ವರ ಅಲ್ಲಿಗೆ ತಲುಪಲು 0.09 ಸೆಕೆಂಡ್, ಅವರ ಧ್ವನಿ ನಿಮಗೆ ಮರಳಲು ಮತ್ತೆ ಅಷ್ಟೇ. ಒಟ್ಟು 0.18 ಸೆಕೆಂಡ್, ಅಂದರೆ 80ರ ವೇಗದಲ್ಲಿ ಒಂದು ಬೀಟಿನ ಸುಮಾರು ಕಾಲು ಭಾಗ. ಅವರು ಸರಿಯಾಗಿಯೇ ಹಾಡುತ್ತಿದ್ದರೂ ನಿಮ್ಮ ಕಿವಿಗೆ ಹಿಂದೆ ಬಿದ್ದಂತೆ ಕೇಳುತ್ತದೆ. ಅವರಿಗಾಗಿ ಕಾದರೆ ಅವರು ನಿಮಗಾಗಿ ಕಾಯುತ್ತಾರೆ, ಪ್ರತಿ ಚರಣವೂ ಹಿಂದಿನದಕ್ಕಿಂತ ನಿಧಾನವಾಗುತ್ತದೆ. ಕೈಗಳು ಒಳಗಿನ ಎಣಿಕೆಯನ್ನು ಹಿಡಿದು ಹೋಗಲಿ. ಸಭೆ ನಿಜವಾಗಿಯೂ ಹಿಂದೆ ಬಿದ್ದಿದೆಯೇ ಎಂದು ತಿಳಿಯಬೇಕಾದರೆ ಸಾಲಿನ ಕೊನೆಯ ಬಿಡುವಿನಲ್ಲಿ ಕೇಳಿ: ನೀವು ಬೆರಳು ಎತ್ತಿದ ಮೇಲೆ ಅರ್ಧ ಬೀಟ್ ಪೂರ್ತಿ ಹಾಡು ಉಳಿದಿದ್ದರೆ ಮಾತ್ರ ಅವರು ತಡವಾಗಿದ್ದಾರೆ. ಆಗ ಮುಂದಿನ ಸಾಲಿನಲ್ಲಿ ಸದ್ದು ಹೆಚ್ಚಿಸುವ ಬದಲು ಸ್ವರಗಳನ್ನು ಇನ್ನಷ್ಟು ಬಿಡಿಬಿಡಿಯಾಗಿ ನುಡಿಸಿ. ಒಂದೆರಡು ಸಾಲಿನಲ್ಲಿ ಅವರು ಬಂದು ಕೂಡಿಕೊಳ್ಳುತ್ತಾರೆ.